ಗುಜರಿಗೆ ಹೋದ ಒಲೆ

ದೀಪ ಹಚ್ಚಬೇಡಿ. ಇದು ಕತ್ತಲಲ್ಲೇ ಹೇಳುವಂಥದ್ದು. ಕಟ್ಟುಕತೆ ಅನ್ನುವವರು ಈಗಲೇ ಎದ್ದು ಹೋಗಬಹುದು... ನನ್ನ ಚಿಕ್ಕಪ್ಪನ ಮಗಳು ದುಲಮಾಗೆ ಆದದ್ದು ಇದು.

ಮಂಗೋಲಿಯಾದ ಉಲಾನ್‌ಬಾತರ್‌ನ ಗುಡ್ಡದ ಓಣಿಯಲ್ಲಿ, ಉಣ್ಣೆಗಂಬಳಿ ಹೊದಿಸಿದ ಗುಂಡುಮನೆಯಲ್ಲಿ ಅವಳ ವಾಸ. ಗಂಡ ದೂರದ ಗಣಿಯಲ್ಲಿ. ಮನೆಯಲ್ಲಿ ಅವಳು, ಮೊಲೆಹಾಲು ಕುಡಿಯುವ ಮಗು, ತೀರಿಹೋದ ತಾಯಿಯ ಕಬ್ಬಿಣದ ಒಲೆ. ತಾಯಿಯ ಒಲೆ ಅಂದರೆ ನಮಗೆ ದೇವರಿದ್ದಂತೆ. ಮೊದಲ ತುತ್ತು ಬೆಂಕಿಗೆ, ಆಮೇಲೆ ಬಾಯಿಗೆ. ಅದನ್ನು ಹೊರಗೆ ಕೊಡಬಾರದು.

ಅವಳ ಅಣ್ಣ ಗಲ್ಸನ್ ಓಣಿಯ ಮುಖಂಡ. ಸರ್ಕಾರ ಕಲ್ಲಿದ್ದಲು ಸುಡಬೇಡಿ ಅಂದಾಗ ಮನೆಮನೆ ತಿರುಗಿದ.

"ಹೊಗೆ ಕುಡಿದದ್ದು ಸಾಕು ಕಣೇ. ರಾತ್ರಿ ಕರೆಂಟು ಅರ್ಧ ಬೆಲೆ. ಹೀಟರ್ ಇಟ್ಕೋ."

"ಕರೆಂಟ್ ಹೋದ್ರೆ ಅಣ್ಣಾ?"

"ಹೋಗಲ್ಲ. ಹೋದ್ರೆ ನಾನಿಲ್ವಾ? ನನ್ನ ಮನೆಗೆ ಬಾ."

ಒಲೆಯನ್ನು ಅವನ ಕೈಗೇ ಕೊಟ್ಟಳು. ಗುಜರಿಗೆ ಹಾಕಿದೆ ಅಂದ. ಒಡಹುಟ್ಟಿದವನನ್ನು ನಂಬದೆ ಇನ್ಯಾರನ್ನು ನಂಬಬೇಕು, ಹೇಳಿ?

ಆ ಚಳಿಗಾಲ ಮೈನಸ್ ನಲವತ್ತಕ್ಕೆ ಇಳಿಯಿತು. ಊರಿಗೆ ಊರೇ ಹೀಟರ್ ಹಾಕಿ ಕೂತಿತ್ತು. ವಿದ್ಯುತ್ ಸ್ಥಾವರಕ್ಕೆ ತಾಳಲಾಗಲಿಲ್ಲ. ಒಂದು ರಾತ್ರಿ... ಟಪ್. ಓಣಿಯೆಲ್ಲ ಕತ್ತಲು. ಹೀಟರ್ ಆರುತ್ತ ಟಿಕ್... ಟಿಕ್... ಅಂದು ಸುಮ್ಮನಾಯಿತು. ಗುಡ್ಡದ ಕೆಳಗಿನ ದೊಡ್ಡ ಕಟ್ಟಡಗಳಲ್ಲಿ ಮಾತ್ರ ದೀಪ ಉರಿಯುತ್ತಲೇ ಇತ್ತು. ನಮ್ಮದು ಕಿತ್ತು ಅವರದನ್ನು ಉಳಿಸಿದ್ದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಗು ಅತ್ತಿತು. ಅಳು ಸಣ್ಣದಾಯಿತು. ಆಮೇಲೆ ಅಳಲೇ ಇಲ್ಲ...

ದುಲಮಾ ಅದನ್ನು ನಿಲುವಂಗಿಯೊಳಗೆ ಎದೆಗೆ ಕಟ್ಟಿಕೊಂಡು ಅಣ್ಣನ ಮನೆಗೆ ಓಡಿದಳು. "ನಾಯಿ ಹಿಡೀರಿ!" ಅಂತ ಬೇಲಿಯಾಚೆಯಿಂದಲೇ ಕೂಗಿದಳು. ಯಾರೂ ಹಿಡಿಯಲಿಲ್ಲ. ಬೊಗಳುವ ನಾಯಿಯನ್ನು ದಾಟಿ ಬಾಗಿಲು ಬಡಿದಳು.

"ಮಗು ತಣ್ಣಗಾಗ್ತಿದೆ ಅಣ್ಣಾ..."

"ಇಲ್ಲೂ ಹಂಗೇ ಇದೆ." ಸಂದಿಯಿಂದ ಪಿಸುಮಾತು. "ಹೋಗು. ಈಗ ಬರುತ್ತೆ ಕರೆಂಟು."

ಆಗ ಒಳಗಿಂದ ಒಂದು ಸದ್ದು... ಕಿರ್ರ್... ಠಣ್.

ಕೀಲು ಮುರಿದು ತಂತಿ ಸುತ್ತಿದ ಒಲೆಬಾಗಿಲು. ಆ ಸದ್ದು ಕೇಳುತ್ತಲೇ ಬೆಳೆದವಳು ಅವಳು.

"ಅದು ಅಮ್ಮನ ಒಲೆ ಅಲ್ವಾ?"

ಚಿಲಕ ಬಿತ್ತು. ಮುಖಂಡನ ಮನೆಯಲ್ಲೇ ಕಲ್ಲಿದ್ದಲು ಉರಿಯುವುದು ಊರಿಗೆ ಗೊತ್ತಾಗಬಾರದಲ್ಲ! ಅದಕ್ಕೆ ತಂಗಿಯ ಕೂಸು ಸತ್ತರೂ ಸರಿ. ಥೂ.

ಅವಳು ವಾಪಸು ಹೊರಟಳು. ಓಣಿಗೆ ನೀರು ಮಾರುವ, ಬೀಗ ಹಾಕಿದ ಗೂಡಂಗಡಿ ದಾಟುವಾಗ ಹಿಂದೆ ಹೆಜ್ಜೆ... ಸರಕ್... ಸರಕ್... ಹಿಮದ ಮೇಲೆ ಉಣ್ಣೆ ಬೂಟು. ಓಣಿ ತುಂಬ ನಾಯಿಗಳು. ಒಂದೂ ಬೊಗಳಲಿಲ್ಲ.

"ಯಾರು?"

"ತಿರುಗಬೇಡ. ನಡಿ."

ಬೆನ್ನಿಗೆ ಬಿಸಿಯುಸಿರು ತಾಗಿತು. ಕುರಿಕೊಬ್ಬಿನ ವಾಸನೆ... ಸಗಣಿ ಹೊಗೆಯ ವಾಸನೆ. ಅವಳಿಗೆ ಗೊತ್ತಾಗಿಹೋಯಿತು.

"ಅಮ್ಮಾ... ನಿನ್ನ ಒಲೆ ಕೊಟ್ಟುಬಿಟ್ಟೆ."

"ಕೊಟ್ಟವಳು ನೀನಲ್ಲ, ಕಸ್ಕೊಂಡವನು ಅವನು. ಮಗುನ ಬಿಗಿಯಾಗಿ ಹಿಡ್ಕೋ."

ಮನೆಯೊಳಗೆ ಕಾಲಿಟ್ಟರೆ ಬೆವರುವಷ್ಟು ಸೆಕೆ. ಒಲೆಯಿಲ್ಲ, ಕರೆಂಟಿಲ್ಲ. ಮಗು ಕಣ್ಣು ಬಿಟ್ಟು ಹಾಲಿಗೆ ಅತ್ತಿತು. ಹಿಂದೆ ತಿರುಗಿದಳು... ಯಾರೂ ಇಲ್ಲ.

ಬೆಳಗಾದರೂ ಕರೆಂಟು ಬಂದಿರಲಿಲ್ಲ. ಅವಳು ನನ್ನ ಮನೆಗೆ ಬಂದು ಎಲ್ಲ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ನೇರ ಗಲ್ಸನ್ ಮನೆಗೆ ನುಗ್ಗಿದೆ. ಗಂಡ ಹೆಂಡತಿ ಇದ್ದಬದ್ದ ಕಂಬಳಿಯನ್ನೆಲ್ಲ ಹೊದ್ದು ಗಡಗಡ ನಡುಗುತ್ತಿದ್ದರು. ತುಟಿ ನೀಲಿ.

"ರಾತ್ರಿಯಿಂದ ಉರಿಸ್ತಾನೇ ಇದೀನಿ," ಅಂದ. ಹಲ್ಲು ಕಟಕಟ ಅನ್ನುತ್ತಿತ್ತು. "ಕಾವೇ ಬರ್ತಿಲ್ಲ..."

ಒಲೆ ಧಗಧಗ ಉರಿಯುತ್ತಿತ್ತು. ಕೆಂಡ ಕೆಂಪಗೆ, ಕೊಳವೆಯಲ್ಲಿ ಹೊಗೆ ಭುಸುಭುಸು. ನಾನು ಅಂಗೈಯನ್ನೇ ಅದರ ಮೇಲೆ ಊರಿದೆ. ಸುಡಲಿಲ್ಲ. ಮೇಲೆ ಚಹಾದ ಪಾತ್ರೆ. ಸೌಟು ಅದರಲ್ಲಿ ನೆಟ್ಟಗೆ ನಿಂತಿತ್ತು. ಹಿಡಿದು ಎತ್ತಿದೆ... ಪಾತ್ರೆ ಸಮೇತ ಬಂತು. ಚಹಾ ಕಲ್ಲಾಗಿ ಹೆಪ್ಪುಗಟ್ಟಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಎತ್ತಿದ್ದು ಇದೇ ಕೈ.