ಮೊದಲು ದುಡ್ಡು, ಆಮೇಲೆ ಆಲ್ಬಮ್

ಬೇಡ ಬೇಡ ಬೇಡ... ಅದನ್ನ ಒತ್ತಬೇಡ ಕಣೇ! ಕೈ ತೆಗಿ ಅಲ್ಲಿಂದ. ಅದೊಂದನ್ನ ಬಿಟ್ಟು ಬೇರೆ ಏನು ಬೇಕಾದ್ರೂ ಒತ್ತು. ಕಾರ್ಡಾ? ಇರ್ಲಿ. ಬ್ಯಾಂಕಿಂದ ಕಳಿಸೋದಾ? ಇರ್ಲಿ. ಫೋನಲ್ಲಿ ಕಳಿಸೋದಾ? ಇರ್ಲಿ, ಅದನ್ನ ಎರಡು ಸಲ ಒತ್ತು ಬೇಕಾದ್ರೆ. ಈ ಕ್ಯಾಶ್ ಆನ್ ಡೆಲಿವರಿ ಮಾತ್ರ ಬೇಡ.

ಯಾಕೆ ನಗ್ತೀಯ?

ನಗು, ನಗು. ನಿನ್ನ ಗಂಡ ಹೋಗಿ ಹನ್ನೊಂದು ತಿಂಗಳಾಯ್ತು, ಇವತ್ತು ನಿನ್ನ ಹಲ್ಲು ಕಂಡಿತು. ನನಗೂ ಗೊತ್ತು ನೀನು ಯಾಕೆ ನಗ್ತಿದ್ದೀಯ ಅಂತ. ಇಪ್ಪತ್ತು ವರ್ಷ ನಗದು ಬಿಟ್ಟು ಬೇರೇನೂ ಮುಟ್ಟದ ಅತ್ತಿಗೆ, ನೋಟನ್ನ ಬೆಳಕಿಗೆ ಹಿಡಿದು ಮುಂದೆ ನೋಡಿ ಹಿಂದೆ ನೋಡಿ ಸೆರಗಿಗೆ ಗಂಟು ಹಾಕ್ತಿದ್ದ ಅತ್ತಿಗೆ, ಇವತ್ತು ನಗದು ಬೇಡ ಅಂತಾಳಲ್ಲ ಅಂತ. ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು, ಅಂತ. ಅಲ್ವಾ? ಹೇಳು. ನಾನೇನು ಬೇಜಾರು ಮಾಡ್ಕೊಳ್ಳಲ್ಲ.

ಆ ಅಂಟಿನ ಡಬ್ಬಿ ಕಂಪ್ಯೂಟರ್ ಪಕ್ಕ ಇಡಬೇಡ ಮಾರಾಯ್ತಿ. ಉರುಳಿದ್ರೆ ಅಂಗಡಿ ಶುರುವಾಗೋ ಮುಂಚೆನೇ ಮುಚ್ಚುತ್ತೆ. ಆ ರಟ್ಟು ಒತ್ತೋ ಪ್ರೆಸ್ಸಿನ ಮೇಲಿಡು. ಅದರ ಕೆಳಗೆ ಎರಡು ಆಲ್ಬಮ್ ಒಣಗ್ತಿವೆ, ಅಲುಗಿಸಬೇಡ ಮತ್ತೆ.

ಏನಂದೆ? ಹೊಸ ಅಂಗಡಿ, ಜನ ನಮ್ಮ ಮುಖ ನೋಡಿಲ್ಲ, ಮೊದಲೇ ದುಡ್ಡು ಹಾಕು ಅಂದ್ರೆ ಹೆದರ್ತಾರೆ... ಹೂಂ, ಸರಿ. ಮಾಲು ಕೈಗೆ ಬಂದ ಮೇಲೆ ಕೊಡಿ ಅಂದ್ರೆ ನಂಬ್ತಾರೆ. ಅದೂ ಸರಿ. ನೀನು ಹೇಳೋದರಲ್ಲಿ ತಪ್ಪಿಲ್ಲ, ಬುದ್ಧಿವಂತೆ ನೀನು, ಅದಕ್ಕೇ ಅಲ್ವಾ ಇಂಟರ್ನೆಟ್ಟಲ್ಲಿ ಅಂಗಡಿ ತೆಗಿಯೋಣ ಅಂತ ನೀನಂದ ತಕ್ಷಣ ನಾನು ತಲೆ ಆಡಿಸಿದ್ದು. ಆದ್ರೆ ನಮ್ಮ ಮಾಲು ಎಂಥದ್ದು ಯೋಚನೆ ಮಾಡು. ಸೋಪಾ? ಬಟ್ಟೆಯಾ? ಒಬ್ಬರು ಬೇಡ ಅಂದ್ರೆ ಇನ್ನೊಬ್ಬರಿಗೆ ಮಾರೋದಕ್ಕೆ? ಮದುವೆ ಆಲ್ಬಮ್ಮು ಕಣೇ, ರಟ್ಟಿನ ಮೇಲೆ ಗಂಡು ಹೆಣ್ಣಿನ ಹೆಸರು ಅಚ್ಚು ಹಾಕಿಬಿಟ್ಟಿರ್ತೀವಿ. ಬಾಗಿಲಲ್ಲಿ ನಿಂತು ಬೇಡ ಅಂದುಬಿಟ್ರೆ? ಬೀರು ಮೇಲೆ ನೋಡು, ಆ ಕೆಂಪು ಆಲ್ಬಮ್ಮು. ಮದುವೆಗೆ ನಾಲ್ಕು ದಿನ ಇರುವಾಗ ಜಗಳ ಆಡ್ಕೊಂಡ್ರು, ಆಲ್ಬಮ್ಮು ನಮ್ಮ ತಲೆ ಮೇಲೆ ಬಿತ್ತು. ಅದೇ ಎರಡು ಹೆಸರಿನ ಇನ್ನೊಂದು ಜೋಡಿ ಹುಟ್ಟಿ ಬರ್ಲಿ ಅಂತ ಆರು ವರ್ಷದಿಂದ ಕಾಯ್ತಿದ್ದೀನಿ.

ಅದಕ್ಕೇ ನಮ್ಮಪ್ಪ ಹೇಳ್ತಿದ್ದದ್ದು. ಮೊದಲು ದುಡ್ಡು, ಆಮೇಲೆ ಆಲ್ಬಮ್. ಆರ್ಡರ್ ಕೊಡುವಾಗ ಅರ್ಧ, ಕೈಗೆ ಕೊಡೋಕೆ ಮುಂಚೆ ಉಳಿದ ಅರ್ಧ. ದುಡ್ಡು ಈ ಕೈಗೆ ಬಂದು ಬಿಸಿ ತಗುಲಬೇಕು, ಆಗ ಆ ಕೈ ಮಾಲು ಬಿಡಬೇಕು. ದಾರ ಪೋಣಿಸೋದು ಕಲಿಸೋಕೆ ಮುಂಚೆ ನನಗೆ ಇದನ್ನ ಕಲಿಸಿದ್ರು. ನಾನು ನನ್ನ ತಮ್ಮನಿಗೆ, ನಿನ್ನ ಗಂಡನಿಗೆ, ಕಲಿಸಿದೆ... ಕಲಿಸಿದೆ. ಚೆನ್ನಾಗೇ ಕಲಿಸಿದೆ.

ಏನಿಲ್ಲ. ಗಡಿಯಾರ ನೋಡಿದೆ. ಮೂರೂವರೆಗೆ ಇನ್ನೆಷ್ಟು ಹೊತ್ತು ಅಂತ.

ಏನಿದು, ನೂರಕ್ಕೆ ಎರಡು ಹಿಡ್ಕೋತಾರಾ? ಯಾಕಂತೆ? ನಾವು ಕೂತು ಬೆನ್ನು ಮುರ್ಕೊಂಡು ಹೊಲಿಯೋದು, ಇವರು ಮಧ್ಯದಲ್ಲಿ ಕೂತು ದುಡ್ಡನ್ನ ಆ ಕಡೆಯಿಂದ ಈ ಕಡೆ ದಾಟಿಸಿದ್ದಕ್ಕೆ ಕೂಲಿನಾ? ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದ ಹಾಗಾಯ್ತು. ಮೂರು ದಿನ ಬಿಟ್ಟು ನಮ್ಮ ಖಾತೆಗೆ ಬರುತ್ತಾ? ಮೂರು ದಿನ ಎಲ್ಲಿ ಓಡಾಡ್ತಿರುತ್ತೆ ಅದು? ಇರ್ಲಿ, ಇರ್ಲಿ. ಎರಡಲ್ಲ, ಇಪ್ಪತ್ತು ಹಿಡ್ಕೊಳ್ಳಲಿ. ನಾನು ಒಪ್ಪಿದ್ದೀನಿ. ಯಾರೂ ಯಾರ ಬಾಗಿಲಿಗೂ ಹೋಗಿ ಕೈಚಾಚೋದು ಬೇಡ. ಅಷ್ಟೇ ನನಗೆ ಬೇಕಾಗಿರೋದು.

ಹೇಳು, ಮುಂದೇನು ಕೇಳ್ತಿದೆ? ಫೋನ್ ನಂಬರಾ? ಬೋರ್ಡ್ ಮೇಲಿರೋದನ್ನೇ ಹಾಕು. ಅವನದೇ ನಂಬರು. ಫೋನು ಇಲ್ಲೇ ಇದೆಯಲ್ಲ, ನಾನು ದಿನಾ ಚಾರ್ಜ್ ಹಾಕ್ತೀನಿ... ಯಾಕಂದ್ರೆ ಗಿರಾಕಿಗಳು ಮಾಡ್ತಾರಲ್ಲ, ಅದಕ್ಕೆ. ಇನ್ಯಾಕೆ?

ಏನು? ಏನಾಯ್ತು? ಯಾಕೆ ಬಾಯಿ ಮುಚ್ಕೊಂಡೆ? ಸರಿ ಸ್ವಲ್ಪ, ಕಾಣಿಸ್ತಿಲ್ಲ. ಕನ್ನಡಕ ಎಲ್ಲಿ... ತಡಿ, ನೀನೇ ಓದು.

ಈ ನಂಬರಿನಲ್ಲಿ ಆಗಲೇ ಒಂದು ಅಂಗಡಿ ಇದೆ ಅಂತಾ? ಅದ್ಹೇಗಿರುತ್ತೆ? ನಾವು ಇವತ್ತು ತಾನೆ...

ಹೆಸರೇನು ಅಂತ ಇದೆ? ಇನ್ನೊಂದ್ಸಲ ಓದು.

'ಅಕ್ಕನ ಆಲ್ಬಮ್'.

ಅಯ್ಯೋ... ಅಯ್ಯೋ ಕಳ್ಳ! ನನಗೆ ಹೇಳ್ದೆ ಕೇಳ್ದೆ ಹೆಸರಿಟ್ಟುಬಿಟ್ಟಿದ್ದಾನೆ ನೋಡು! ಅಕ್ಕನ ಆಲ್ಬಮ್ ಅಂತೆ! ಮುಂದೆ ಏನಿದೆ? 'ಹಣ ಸ್ವೀಕರಿಸಲು ಸಿದ್ಧ.' ತಾರೀಖು ನೋಡು... ಹತ್ತು ದಿನ. ಅವನು ಹೋಗೋಕೆ ಹತ್ತೇ ದಿನ ಮುಂಚೆ. ಹನ್ನೊಂದು ತಿಂಗಳಿಂದ ಸಿದ್ಧವಾಗಿ ಕೂತಿದೆಯಲ್ಲೇ ಇದು, ಒಳಗೆ ದೀಪ ಹಚ್ಕೊಂಡು, ಬಾಗಿಲು ತೆಕ್ಕೊಂಡು! ಆ ಕ್ಯೂಆರ್ ಕೋಡ್ ಕಾರ್ಡು ಇಲ್ಲಿಂದಲೇ ಮಾಡಿಸಿದ್ದಾ ಹಾಗಾದ್ರೆ. ಜೇಬಲ್ಲೇ ಇಟ್ಕೊಂಡು ತಿರುಗ್ತಿದ್ದ. 'ಅಕ್ಕಾ, ಇದನ್ನ ತೋರಿಸಿದ್ರೆ ಸಾಕು, ಒಂದು ಕ್ಷಣ' ಅಂತ ನನ್ನ ಮೂಗಿನ ಕೆಳಗೆ ಹಿಡೀತಿದ್ದ. ನಾನು ರಟ್ಟು ಕತ್ತರಿಸ್ತಾ ತಲೆ ಕೂಡ ಎತ್ತುತ್ತಿರಲಿಲ್ಲ.

ಅಳಬೇಡ ಕಣೇ. ಅಳಬೇಡ.

ಮತ್ತೆ ಅದೇ ಮಾತಾ? ಎಷ್ಟು ಸಲ ಹೇಳ್ಬೇಕು ನಿನಗೆ? ಗಂಡ ಹೆಂಡ್ತಿ ಅಂದ ಮೇಲೆ ಬೆಳಿಗ್ಗೆ ಎದ್ದು ಒಂದು ಮಾತು ಬರುತ್ತೆ, ಒಂದು ಮಾತು ಹೋಗುತ್ತೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನೀನು ಬೈದೆ, ಕೆಲಸಕ್ಕೆ ಹೋದೆ, ಅಷ್ಟೇ. ಅವನು ಆಲ್ಬಮ್ ಮರೆತು ಹೋಗಿದ್ದು ನಿನ್ನಿಂದ ಅಂತ ಯಾರಂದ್ರು? ಚಿಕ್ಕಂದಿನಿಂದ ಮರೆವು ಅವನಿಗೆ. ಶಾಲೆಗೆ ಚೀಲ ಬಿಟ್ಟು ಹೋಗ್ತಿದ್ದ! ಆ ದಿನಾನೂ ಹಾಗೇ. ಖಾಲಿ ಕೈಲಿ ಆಲ್ಬಮ್ ಆರ್ಡರ್ ಕೊಟ್ಟಿದ್ದ ಆ ಮೇಷ್ಟ್ರ ಮನೆ ತನಕ ಹೋದ, ಆಲ್ಬಮ್ ಇಲ್ಲೇ ಬಿಟ್ಟಿದ್ದ, ತಗೊಂಡು ಹೋಗೋಕೆ ವಾಪಸ್ ಬಂದ, ಎರಡನೇ ಸಲ ಹೋಗುವಾಗ ಸೇತುವೆ ಹತ್ರ ಲಾರಿ... ಹಣೆಬರಹ. ಬಿಡು. ಕಣ್ಣು ಒರೆಸ್ಕೋ. ಕೀಲಿಮಣೆ ಮೇಲೆ ಬೀಳುತ್ತೆ.

ಕೇಳಿಸ್ತಾ?

ಮೆಟ್ಟಿಲು. ಯಾರೋ ಇಳಿದ ಹಾಗೆ... ಎರಡೆರಡು ಮೆಟ್ಟಿಲು ಒಟ್ಟಿಗೆ. ಇಲ್ವಾ? ನಿನಗೆ ಕೇಳಿಸಲಿಲ್ವಾ? ಮೂರೂವರೆ ಆಯ್ತು ನೋಡು, ನಾನು ಹೇಳ್ಲಿಲ್ವಾ. ದಿನಾ ಕೇಳುತ್ತೆ ನನಗೆ. ಸತ್ತವರು ಮನೆಗೆ ಬರ್ತಾರೆ ಅಂತಾರಲ್ಲ ಜನ, ಬಂದ್ರೆ ಒಳ್ಳೇದೇ ಆಗಿತ್ತು, ಕೂರಿಸಿ ಒಂದು ಲೋಟ ನೀರು ಕೊಡ್ತಿದ್ದೆ. ಇವನು ಬರಲ್ಲ ಕಣೇ. ಬರೋ ಸದ್ದು ಒಂದು ದಿನಾನೂ ಇಲ್ಲ. ಬರೀ ಹೋಗ್ತಾನೆ. ದಿನಾ ಮೂರೂವರೆಗೆ ಹೋಗ್ತಾನೆ. ನಿಲ್ಲೋ ಅಂತ ಕೂಗೋಣ ಅಂತ ಎದ್ದು ಬಾಗಿಲ ತನಕ ಹೋಗ್ತೀನಿ, ಚಿಲಕ ಮುಟ್ಟಿ ವಾಪಸ್ ಬರ್ತೀನಿ.

ಹುಚ್ಚು ಅಂದ್ಕೋ. ಇರ್ಲಿ.

ಏನು ಮಾಡ್ತಿದ್ದೀಯ ಮತ್ತೆ? ಹೇಳಿದೆನಲ್ಲ, ಅದನ್ನ ಒತ್ತಬೇಡ ಅಂತ! ಯಾಕೆ ಅಂದ್ರೆ ಯಾಕೆ. ಅಯ್ಯೋ, ಎಷ್ಟು ಬಿಡಿಸಿ ಹೇಳ್ಬೇಕು ನಿನಗೆ? ಬಾಗಿಲಲ್ಲಿ ನಿಂತ ಗಿರಾಕಿ ಎಂತೆಂಥ ನೆಪ ಹೇಳ್ತಾರೆ ನಿನಗೇನು ಗೊತ್ತು? ಚಿಲ್ಲರೆ ಇಲ್ಲ ಅಂತಾರೆ. ಯಜಮಾನರು ಮನೇಲಿಲ್ಲ, ನಾಳೆ ಬಾ ಅಂತಾರೆ. ಒಳ್ಳೆಯವರು ಕೂಡ ಹಾಗೇನೇ. ಆ ಮೇಷ್ಟ್ರನ್ನೇ ತಗೋ, ಬಂಗಾರದಂಥ ಮನುಷ್ಯ. ಆಲ್ಬಮ್ ಕೈಗೆ ತಗೊಂಡು, ಒಂದೊಂದೇ ಹಾಳೆ ತಿರುಗಿಸಿ, ಹೆಂಡ್ತೀನ ಕರೆದು ತೋರಿಸಿ, ಭೇಷ್ ಭೇಷ್ ಅಂದು, ಆಮೇಲೆ ಮನೇಲಿ ನಗದು ಇಲ್ಲಪ್ಪ, ಫೋನಲ್ಲಿ ಕಳಿಸಿಬಿಡ್ಲಾ ಅಂತ...

ಏನು?

ಯಾಕೆ ಹಾಗೆ ನೋಡ್ತಿದ್ದೀಯ?

ಯಾವಾಗ ಅಂದ್ರೆ... ಇನ್ಯಾವಾಗ. ಅವನು ಆಲ್ಬಮ್ ತಗೊಂಡು ಹೋದಾಗ. ಎರಡನೇ ಸಲ.

ಎರಡನೇ ಸಲ... ಹೂಂ. ಎರಡನೇ ಸಲ ಅವನು ಸೇತುವೆ ದಾಟಲೇ ಇಲ್ಲ. ಅಲ್ವಾ.

ಬೇರೆ ಗಿರಾಕಿ ಇರ್ಬೇಕು. ಬೇರೆ ಯಾರೋ ಮೇಷ್ಟ್ರು. ವಯಸ್ಸಾಯ್ತಲ್ಲ, ಒಂದಕ್ಕೊಂದು ಕಲಸಿಬಿಡುತ್ತೆ ನನಗೆ. ಹೋದ ವಾರ ಆ ಕಂದು ರಟ್ಟಿಗೆ ನೀಲಿ ಬಟ್ಟೆ ಅಂಟಿಸಿಬಿಟ್ಟೆ, ನೀನೇ ನೋಡಿದೆ... ಯಾಕೆ ಇಷ್ಟೆಲ್ಲ ಹೇಳ್ತಿದ್ದೀನಿ ನಾನು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ! ನೀನೇನು ಕೇಳಿದೆಯಾ? ನೀನೇನೂ ಕೇಳ್ಲಿಲ್ಲ.

ಏನಾದ್ರೂ ಕೇಳೇ.

ಕೇಳು. ಬೈಯಿ, ಕೂಗು, ಆ ಕಂಪ್ಯೂಟರ್ ಎತ್ತಿ ಹಾಕು. ಹನ್ನೊಂದು ತಿಂಗಳಿಂದ ಈ ಮನೇಲಿ ಇಬ್ಬರೇ ಇದ್ದೀವಿ, ನೀನು ಒಂದ್ಸಲ ನೇರವಾಗಿ ಕೇಳಿದ್ದಿದ್ರೆ ನಾನು ಹೇಳಿಬಿಡ್ತಿದ್ದೆ... ಸುಳ್ಳು. ಹೇಳ್ತಿರಲಿಲ್ಲ. ನೀನು ನಿನ್ನನ್ನೇ ಬೈಕೊಂಡು ಅಳ್ತಿದ್ದೆ, ನಾನು ನಿನ್ನ ಬೆನ್ನು ಸವರ್ತಿದ್ದೆ. ಅಷ್ಟರಲ್ಲೇ ಕಾಲ ಹೋಗ್ಬಿಡುತ್ತೆ ಅಂದ್ಕೊಂಡಿದ್ದೆ. ಆ ಮೇಷ್ಟ್ರು ಬಂದಿದ್ರು ಒಂದ್ಸಲ. ನೀನು ಒಳಗೆ ಮಲಗಿದ್ದೆ. ಕೈಲಿ ಒಂದು ಕವರ್ ಹಿಡ್ಕೊಂಡು, 'ನಿಮ್ಮ ತಮ್ಮನ ಹೆಂಡತಿ ಹತ್ರ ಒಂದು ಮಾತಾಡ್ಲಾ' ಅಂದ್ರು. ಬಾಗಿಲಿಂದಲೇ ಕಳಿಸಿಬಿಟ್ಟೆ. ಒಳಗೆ ಬಂದು ಕೂತ್ರೆ ಎಲ್ಲ ಹೇಳಿಬಿಡ್ತಾರಲ್ಲ ಅಂತ. ಅವರು ಒಂದೊಂದೇ ಮೆಟ್ಟಿಲು ಇಳಿದು ಹೋಗೋ ತನಕ ಚಿಲಕ ಹಿಡ್ಕೊಂಡು ನಿಂತಿದ್ದೆ.

ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡ್ದ. ಮೇಷ್ಟ್ರ ಬಾಗಿಲಿಂದಲೇ. 'ಅಕ್ಕಾ, ಮನೇಲಿ ನಗದಿಲ್ವಂತೆ. ನನ್ನ ಹತ್ರ ಕಾರ್ಡಿದೆ, ಇದೊಂದು ಸಲ ತೋರಿಸಿಬಿಡ್ತೀನಿ, ನೋಡು, ವಯಸ್ಸಾದವರು, ಬ್ಯಾಂಕಿಗೆ ಓಡಿಸೋದು ಬೇಡ' ಅಂದ. ಹಿಂದೆ ಮೇಷ್ಟ್ರ ದನಿ ಕೇಳಿಸ್ತಿತ್ತು, 'ಪರವಾಗಿಲ್ಲಪ್ಪ, ಪರವಾಗಿಲ್ಲ' ಅಂತ. ನನಗೆ ಸಿಟ್ಟು ನೆತ್ತಿಗೇರಿತು. ದುಡ್ಡಿನ ಸಿಟ್ಟಲ್ಲ ಕಣೇ. ನನಗೆ ಗೊತ್ತಿಲ್ಲದ ದಾರೀಲಿ ನನ್ನ ಅಂಗಡಿಗೆ ದುಡ್ಡು ಬರೋದು ಅಂದ್ರೆ... ನಾನು ಯಾಕಿರ್ಬೇಕು ಆಮೇಲೆ? ಆಲ್ಬಮ್ ತಗೊಂಡು ವಾಪಸ್ ಬಾ ಅಂದೆ. ನಾಲ್ಕಕ್ಕೆ ದುಡ್ಡು ತಂದಿಟ್ಟಿರ್ತೀನಿ ಅಂದ್ರಂತೆ ಪಾಪ ಅವರೇ. ಆ ಮುದುಕರ ಕೈಯಿಂದ ಆಲ್ಬಮ್ ಕಿತ್ಕೊಂಡು ಬರೋ ಹಾಗೆ ಮಾಡಿದೆ ನಾನು.

ಬಂದ. ಇಲ್ಲೇ, ನೀನು ಕೂತಿದ್ದೀಯಲ್ಲ, ಅದೇ ಸ್ಟೂಲಿನ ಮೇಲೆ ಕೂತು ಊಟ ಮಾಡ್ದ. ನನ್ನ ಮೇಲೆ ಮುಖ ಊದಿಸ್ಕೊಂಡಿದ್ದ ಸ್ವಲ್ಪ ಹೊತ್ತು. ಆಮೇಲೆ ಅವನಿಗೆ ತಡ್ಕೊಳ್ಳೋಕೆ ಆಗಲ್ವಲ್ಲ, ನಕ್ಕುಬಿಟ್ಟ. ನೀನು ಬೆಳಿಗ್ಗೆ ಬೈದಿದ್ದನ್ನೆಲ್ಲ ನಿನ್ನ ಥರಾನೇ ಸೊಂಟದ ಮೇಲೆ ಕೈ ಇಟ್ಕೊಂಡು ಮಾಡಿ ತೋರಿಸ್ದ. 'ಬೆಳಿಗ್ಗೆ ಅವಳು, ಮಧ್ಯಾಹ್ನ ನೀನು, ಸಂಜೆಗೆ ಯಾರನ್ನಾದ್ರೂ ಬಾಡಿಗೆಗೆ ತರ್ಬೇಕು ಬೈಸ್ಕೊಳ್ಳೋಕೆ' ಅಂದ. ಹೊಟ್ಟೆ ಹಿಡ್ಕೊಂಡು ನಕ್ಕೆ ನಾನು. ಇದನ್ನ ನಿನಗೆ ಹೇಳ್ಲಿಲ್ಲ. ಇದನ್ನ ಹೇಳಿದ್ರೆ ಉಳಿದಿದ್ದೂ ಹೇಳ್ಬೇಕಾಗ್ತಿತ್ತು.

ಮೂರೂವರೆಗೆ ಎದ್ದ. ಬಾಗಿಲಲ್ಲಿ ನಿಂತು ಜೇಬು ತಟ್ಟಿ ಮತ್ತೊಮ್ಮೆ ಕೇಳ್ದ, 'ಇವತ್ತೊಂದು ದಿನ ಅಕ್ಕಾ? ಮನೇಲೇ ಕೂತು ಫೋನಲ್ಲಿ ದುಡ್ಡು ತರಿಸ್ಕೊಂಡುಬಿಡ್ತೀನಿ. ಆಲ್ಬಮ್ ನಾಳೆ ಕೊಟ್ರಾಯ್ತು.' ನಾನು ಹೊಲಿಗೆಯಿಂದ ತಲೆ ಎತ್ತಲಿಲ್ಲ. ದುಡ್ಡು ಕೈಲಿ ಹಿಡ್ಕೊಂಡೇ ಮನೆಗೆ ಬಾ ಅಂದೆ.

ಅವನ ಮುಖ ಕೂಡ ನೋಡ್ಲಿಲ್ಲ.

ಎಲ್ಲಿಗೆ ಏಳ್ತೀಯ? ಕೂರು... ಕೂರ್ತೀಯಾ? ಆಯ್ತು, ನಿಂತ್ಕೋ, ನಿನ್ನಿಷ್ಟ. ಒಂದು ಮಾತು ಕೇಳಿಸ್ಕೊಂಡು ಹೋಗು. ಅವನು ಏನನ್ನೂ ಮರೆತಿರಲಿಲ್ಲ. ಅವನು ಹೋಗಿದ್ದು ನಿನ್ನ ಮೇಲಿನ ಕೋಪದಲ್ಲಲ್ಲ ಕಣೇ. ನಾನು ಕಳಿಸಿದೆ, ಅದಕ್ಕೆ ಹೋದ.