ಗೋಡೆಗೆ ಹಚ್ಚಿದ ದೇವರು

ಸೋಲಾಪುರದ ಒಂದು ವಾರ್ಡ್ ಆಫೀಸು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಚಾದರ ಅಂಗಡಿಯ ಅವಿನಾಶ ದಂಡದ ನೋಟೀಸು ಹಿಡಿದು ಕೂತಿದ್ದ. ಅವನ ಆಚೆ ತಾಯಿ ಕಸ್ತೂರಬಾಯಿ.

“ಅಂಗಡಿ ಗ್ವಾಡಿಗೆ ಜನ ಗುಟಕಾ ಉಗುಳ್ತಾರಂತ ದೇವರು ಸಿದ್ಧರಾಮಪ್ಪನ ಚಿತ್ರದ ಟೈಲ್ಸ್ ಹಚ್ಚಿಸಿದಾಕಿ ನೀನ, ಅವ್ವಾ.”

“ಉಗುಳೋದು ನಿಂತಿಲ್ಲೇನು?”

“ನಿಂತದ. ಈಗ ಅಲ್ಲೇ ಕಾಯಿ ಒಡೀತಾರ, ಹೂ ಏರಿಸ್ತಾರ, ಊದಿನಕಡ್ಡಿ ಹಚ್ಚಿ ಪಾಕೀಟು ಒಗೀತಾರ. ಅಂಗಡಿ ಮುಂದಿನ ಕಚರಾ ಅಂಗಡಿಯವಂದ ಅಂತ ದಂಡ ನಮಗ.”

“ಒಡಿಯೋರಿಗೆ ಹಾಕ್ರಿ ಅನ್ನು.”

“ಅಂದೀನಿ. ಹಂಗಾರ ಅವರನ್ನ ಹಿಡಕೊಂಡು ಬಾ ಅಂದ್ರು.”

“ಟೈಲ್ಸ್ ತೆಗೆಸಿಬಿಡು ಮತ್ತ.”

“ಯಾರು ತೆಗೀತಾರ? ಹಚ್ಚಿದ ಗೌಂಡಿನ ಕರೆಸಿದ್ದೆ. ನನ್ನ ಹೇಣ್ತಿಗೆ ದಿನ ತುಂಬ್ಯಾವ್ರಿ, ಇಂಥಾ ಹೊತ್ತಿನಾಗ ದೇವರನ್ನ ಕೀಳೋದು ನನ್ನ ಕೈಲಿ ಆಗಂಗಿಲ್ಲ ಅಂದು ಹೋದ.”

“ನೀನ ತೆಗಿ.”

“ನೀ ಬಾಜೂಕ ನಿಂದರ್ತೀ?”

ಕಸ್ತೂರಬಾಯಿ ಸೆರಗು ಸರಿಮಾಡಿಕೊಂಡಳು.

“ನೀವ ಬಂದು ತೆಗೀರಿ ಅಂತ ಈ ಆಫೀಸಿನವರಿಗೂ ಹೇಳೀನಿ,” ಎಂದ ಅವಿನಾಶ. “ದೇವರಿಗೆ ನಾವು ಕೈ ಹಚ್ಚಂಗಿಲ್ಲ, ಮುಂದಿನ ಸಲ ಅಂಗಡಿಗೆ ಸೀಲ್ ಹಾಕ್ತೀವಿ ಅಂದ್ರು.”

“ಗ್ವಾಡಿಗೂ ಸೀಲ್ ಹಾಕ್ತಾರೇನು?”

“ಶಟರಿಗೆ ಅಷ್ಟ. ಗ್ವಾಡಿ ಹೊರಗ ಇರತದ.”

“ಅಂದ್ರ ಕಾಯಿ ಒಡಿಯೋದು ನಡದ ಇರತದ.”

“ಹೂಂ.”

ಸಿಪಾಯಿ ಬಾಗಿಲಲ್ಲಿ ನಿಂತು, “ಚಾದರವಾಲೆ, ಯಾ!” ಎಂದು ಮರಾಠಿಯಲ್ಲಿ ಒಳಗೆ ಕರೆದ. ಇಬ್ಬರೂ ಎದ್ದರು.

“ಅವಿ, ಅಂಗಡಿ ಬಂದ್ ಮಾಡಿದ್ರ ಅಲ್ಲಿ ಕಸಾ ಹೊಡಿಯೋರು ಯಾರೋ?”

“ಒಳಗ ಅದನ್ನ ಕೇಳಬ್ಯಾಡವ್ವಾ, ಆ ಕೆಲಸಾನೂ ನಮಗ ಹಚ್ತಾರ,” ಎಂದು ಅವಿನಾಶ ಬಾಗಿಲು ತಳ್ಳಿದ.