ಬಲಗೈಗೆ ಹಸಿರು ಬಳೆ

…ಅಯ್ಯೋ, ಕೈ ಎಳ್ಕೋಬೇಡ್ವೇ! ಇನ್ನೊಂದೇ ಚೂರು. ಚರ್ಮದೊಳಗೆ ಹೋಗಿ ಹಾಯಾಗಿ ಮಲಗಿಬಿಟ್ಟಿದೆ ಗಾಜು. ಚಿಮುಟ ಹಿಡಿದು ಕೂತರೆ ನಿನ್ನ ಸೋದರಮಾವ ಸೊಳ್ಳೆ ಹಲ್ಲನ್ನೂ ಕಿತ್ತಾನು, ತಿಳ್ಕೋ! …ನಗು, ನಗು. ಗಂಡ ಅನ್ನೋನು ಕೈ ತಿರುಚಿ, ಗೋಡೆಗೆ ಬಡಿದು, ಬಲಗೈ ಬಳೆಯೆಲ್ಲ ಪುಡಿ ಮಾಡಿ ಕಳಿಸಿದ್ದಾನೆ, ಇವಳಿಗೆ ನಗು! ನಮ್ಮಕ್ಕನ ಹೊಟ್ಟೇಲಿ ಹುಟ್ಟಿದ್ದು ಸುಳ್ಳಲ್ಲ ನೀನು.

ಬಂತು! ನೋಡು, ಹಸಿರು ಚೂರು. ನಮ್ಮ ಅಂಗಡೀದೇ. ಇದಕ್ಕೇ ಕಣೇ ನನಗೆ ತಲೆ ಕೆಟ್ಟಿದ್ದು. ನಾನು ಎದುರಿಗೆ ಕೂರಿಸಿಕೊಂಡು, ಸೋಪು ಹಚ್ಚಿ, ಬೆರಳು ಮಡಿಸಿ ತೊಡಿಸಿದ ಬಳೆ, ಮುತ್ತೈದೆಯಾಗಿ ಬಾಳು ಅಂತ ಹರಸಿದ ಬಳೆ… ಅದರಲ್ಲೇ ನಿನ್ನನ್ನ ಕುಯ್ದಿದ್ದಾನಲ್ಲ!

ಏನು? ಹ್ಞೂಂ, ಹೋಗಿದ್ದೆ. ನಿನ್ನನ್ನ ಇಲ್ಲಿ ಕೂರಿಸಿ ನೆಟ್ಟಗೆ ಅವನ ವೆಲ್ಡಿಂಗ್ ಶೆಡ್ಡಿಗೇ ಹೋದೆ. "ಅಳಿಯದೇವರೇ, ಎರಡು ಮಾತಾಡಬೇಕಿತ್ತು" ಅಂದೆ. ಮರ್ಯಾದೆಯಾಗೇ ಅಂದೆ. ಅವನೇನಂದ ಗೊತ್ತಾ? "ಬಳೆ ಮಾರೋನೇ, ನೀನೂ ನಾಲ್ಕು ತೊಟ್ಕೊಂಡು ಬಾ, ಆಮೇಲೆ ಮಾತಾಡೋಣ!" ನನಗೆ! ಆನೆ ಕಾಲಿಗೂ ಬಳೆ ಏರಿಸೋ ಈ ಕೈಗೆ! ಕೊಟ್ಟೆ ನೋಡು ಒಂದು… ಬುಗುರಿ ಥರ ತಿರುಗಿದ. ಶೆಡ್ಡಿನ ತಗಡೆಲ್ಲ ಗಡಗಡ. ಕನ್ನಡಕ ಒಂದು ದಿಕ್ಕು, ಹಲ್ಲು ಒಂದು ದಿಕ್ಕು. ಪಕ್ಕದ ಟೈರ್ ಅಂಗಡಿಯವನು ಸಿಲಿಂಡರೇ ಸಿಡೀತು ಅಂತ ಚಪ್ಪಲಿ ಬಿಟ್ಟು ಓಡಿದ!

…ಯಾಕೆ ಹಾಗೆ ನೋಡ್ತೀಯ? ಸರಿ ಮಾರಾಯ್ತಿ, ಬುಗುರಿ ಅಲ್ಲ. ಅರ್ಧ ಸುತ್ತು. ಅವನೂ ಬಿಡಲಿಲ್ಲ, ಸಲಾಕೆ ಎತ್ಕೊಂಡ. ಕಾದು ಕೆಂಪಾಗಿದ್ದ ಸಲಾಕೆ. ಭುಜ ನೋಡಿಲ್ಲಿ, ಅಂಗಿ ಸುಟ್ಟಿದೆ. ಕುತ್ತಿಗೆಗೇ ತಂದಿದ್ದ. ತಳ್ಳಿದೆ. ಅವನ ಹಿಂದೆ, ವೆಲ್ಡಿಂಗಿಗೆ ಬಂದಿದ್ದ ಯಾರದೋ ಮನೆ ಗೇಟು… ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿದ್ದ, ಈಟಿ ಥರ ಮೊನೆ ಇರುತ್ತಲ್ಲ, ಆ ಮೊನೆಯೆಲ್ಲ ಈಚೆಗೆ…

ಆಮೇಲೇನು, ಆಮೇಲೇನು! ಬಿದ್ದ. ಬಾಯಿ ಮುಚ್ಚಿತು. ನಾನು ಬಂದೆ. ಇನ್ನು ನಿನ್ನ ಮೇಲೆ ಕೈ ಎತ್ತಿದರೆ ಕೇಳು!

ನನ್ನ ಅಂಗಿ ತೋಳಿಗೆ ಅಂಟಿರೋದಾ? ನಿನ್ನದೇ ರಕ್ತ ಕಣೇ, ಈಗ ತಾಗಿದ್ದು. …ಒಣಗಿದೆಯಾ? ಸೆಖೆ ನೋಡು ಹೇಗಿದೆ, ಒಣಗದೆ ಇನ್ನೇನು.

ಎಲ್ಲಿಗೆ ಎದ್ದೆ? ಮನೆಗಾ? ಅವನಿಗೆ ಬುದ್ಧಿ ಬಂದಿದ್ದರೆ ಇನ್ನೊಂದು ಸಲ ಬಾಳಿ ನೋಡ್ತೀಯಾ? …ಕೂತ್ಕೋ. ಕೂತ್ಕೋ ಅಂದೆ. ಇದೇನು, ಕೈ ಚಾಚ್ತೀಯ? ಬಳೆನಾ?

ನಿಜ, ಬರಿಗೈಲಿ ಹೋಗಬಾರದು. ಗಂಡ ಇರೋಳನ್ನ ಬರಿಗೈಲಿ ಈ ಮೆಟ್ಟಿಲು ಇಳಿಸಿದ್ದೇ ಇಲ್ಲ ನಾನು. ಆದರೆ… ಮಣಿಕಟ್ಟು ಊದಿದೆಯಲ್ಲೇ. ಹೌದು, ಆನೆ ಕಾಲು ಅಂದೆ. ಆ ಆನೆಗೆ ಊತ ಇರಲಿಲ್ಲ! ತಗೋ, ಈ ತಗಡಿನದ್ದು ಹಾಕ್ಕೋ, ಎಷ್ಟು ಚೆನ್ನಾಗಿ ಹೊಳೆಯುತ್ತೆ. ಹಸಿರು ಗಾಜೇ ಬೇಕಾ? ಹಸಿರು ಖಾಲಿ. …ಇದೆ. ನಿನ್ನ ಹಿಂದೆ ಗೋಡೆ ತುಂಬ ತೂಗ್ತಿದೆ, ನನಗೂ ಕಾಣುತ್ತೆ! ನನ್ನ ಕೈಗೆ ಕೊಡಬೇಡ ಅದನ್ನ. ಬೇಡ ಅಂದೆನಲ್ಲ! ಹರಸದೆ ತೊಡಿಸೋದು ನಮ್ಮ ಕಸುಬಲ್ಲ, ಹರಸೋಣ ಅಂದ್ರೆ ಇವತ್ತು ಗಂಟಲು ಕಟ್ಟಿದೆ. ನೆಗಡಿ. ಅಷ್ಟೇ. ನೆಗಡಿ.

…ಯಾಕೆ ವಾಪಸ್ ಗೋಡೆಗೆ ತೂಗುಹಾಕಿದೆ ಅದನ್ನ?

ಈ ಕಡೆ ತಿರುಗೇ. ಬೈಯಿ ಬೇಕಾದರೆ. ಇದೇನಿದು… ಎಡಗೈದು ಯಾಕೆ ತೆಗೀತಿದ್ದೀಯ? ಗಂಡ ಬದುಕಿರೋವಾಗ ಗಾಜು ತೆಗೀಬಾರದು ಕಣೇ! ನಾನು ಹೇಳಿದ್ನಾ, ಅವನು… ನಾನೇನೂ ಹೇಳಲಿಲ್ಲ! ಒಂದು ಮಾತೂ… ನೆಲಕ್ಕೆ ಬಡೀಬೇಡ, ಬಡೀಬೇಡ, ಮತ್ತೆ ಕುಯ್ಯುತ್ತೆ… ಹ್ಞಾಂ. ಹಾಗೆ. ಒಂದೊಂದೇ.

ಸಲಾಕೆ ಮೊದಲು ಎತ್ತಿದ್ದು ಅವನು, ಮಗಳೇ.

…ಕೊನೇದು ಬರ್ತಿಲ್ವಾ? ಎಳೀಬೇಡ. ಕೊಡು ಇಲ್ಲಿ ಕೈ. ನಾನೇ ತೆಗೀತೀನಿ.